ಪುಟ್ಟಿ ತಲೆದಿಂಬು ತಿರುಗಿಸಿದ್ದು

ಪುಟ್ಟಿಗೆ ಆಗ ಐವತ್ತನಾಲ್ಕು. ಐವತ್ತನಾಲ್ಕಕ್ಕೆ ಪುಟ್ಟಿ ಎಂದರೆ ನಗು ಬರುತ್ತದೆ, ಬರಲಿ ಬಿಡಿ. ಮನೆಯಲ್ಲಿ ಅವಳಿಗಿಂತ ದೊಡ್ಡವಳೊಬ್ಬಳು ಇದ್ದಳಲ್ಲ, ಅಕ್ಕ. ಆ ಅಕ್ಕ ಇರುವ ತನಕ ಇವಳು ಪುಟ್ಟಿಯೇ. ತಲೆ ನರೆತರೂ ಪುಟ್ಟಿ, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರೂ ಪುಟ್ಟಿ. ಲಾಂಡ್ರಿಯಲ್ಲಿ ಜೊತೆ ಕೆಲಸದವರು ಮರ್ಯಾದೆಗೆ ಒಂದು ಅಕ್ಕ ಸೇರಿಸಿ ಪುಟ್ಟಕ್ಕ ಎನ್ನುತ್ತಿದ್ದರು. ಅಷ್ಟಾದರೂ ಬಡ್ತಿ ಸಿಕ್ಕಿತಲ್ಲ ಎಂದು ಅವಳು ಸುಮ್ಮನಿದ್ದಳು.

ಅಕ್ಕ ತಂಗಿ ಇಬ್ಬರಿಗೂ ಒಂದೇ ಮನೆ, ಒಂದೇ ಕೋಣೆ, ಒಂದೇ ಮಂಚ. ಅಕ್ಕನ ಗಂಡ ಮದುವೆಯಾದ ಸ್ವಲ್ಪ ಕಾಲಕ್ಕೇ ತೀರಿಕೊಂಡಿದ್ದ. ಪುಟ್ಟಿಗೆ ಮದುವೆ ಎಂಬುದು ಆಗಲೇ ಇಲ್ಲ. ಬಂದ ಗಂಡುಗಳನ್ನೆಲ್ಲ ಅಕ್ಕನೇ ನೋಡಿ, ಅಕ್ಕನೇ ಬೇಡವೆಂದು ಕಳಿಸಿದ್ದಳು. ಒಬ್ಬನಿಗೆ ಕೂತಲ್ಲಿ ಕಾಲು ಅಲ್ಲಾಡಿಸುವ ಚಟ. ಇನ್ನೊಬ್ಬ ಉಗುರು ಕಚ್ಚುತ್ತಾನೆ. ಮತ್ತೊಬ್ಬ ನೋಡಲು ಬಹಳ ಚೆನ್ನಾಗಿದ್ದಾನೆ, ಅಷ್ಟು ಚೆನ್ನಾಗಿರುವವರನ್ನು ನಂಬಬಾರದು. ಹೀಗೆ. ಅಕ್ಕ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಶಾಲೆ ಮಕ್ಕಳ ಸಮವಸ್ತ್ರ ಹೊಲಿದು, ತಾಯಿ ಇಲ್ಲದ ತಂಗಿಯನ್ನೂ ತಮ್ಮನನ್ನೂ ದಡ ಸೇರಿಸಿದವಳು. ಆದರೆ ಬಟ್ಟೆಗೆ ಗುರುತು ಹಾಕಿ ಕತ್ತರಿಸಿ ಅಭ್ಯಾಸವಾದ ಕೈ, ಮನುಷ್ಯರನ್ನೂ ಹಾಗೇ ಕತ್ತರಿಸುತ್ತಿತ್ತು.

ಮಂಚ ಅವರ ಅಪ್ಪ ಮಾಡಿಸಿದ್ದು. ಒಂದು ಮಗ್ಗುಲು ಗೋಡೆಗೆ ಅಂಟಿಕೊಂಡಿತ್ತು, ಇನ್ನೊಂದು ಮಗ್ಗುಲು ಬಾಗಿಲ ಕಡೆಗೆ. ಪುಟ್ಟಿ ಎಳೆಗೂಸಾಗಿದ್ದಾಗ ಒಮ್ಮೆ ನಿದ್ದೆಯಲ್ಲಿ ಉರುಳಿ ಕೆಳಗೆ ಬಿದ್ದು ಗದ್ದ ಒಡೆದುಕೊಂಡಿದ್ದಳಂತೆ. ಅವತ್ತಿನಿಂದ ಅವಳ ಜಾಗ ಗೋಡೆಯ ಕಡೆ. ಗೋಡೆಗೆ ಮುಖ, ಅಕ್ಕನಿಗೆ ಬೆನ್ನು. ಆ ಗೋಡೆಯಲ್ಲಿ ಸುಣ್ಣ ಎದ್ದ ಒಂದು ಜಾಗವಿತ್ತು, ಕುಳಿತ ಬಾತುಕೋಳಿಯ ಹಾಗೆ. ಗಂಡನ ಮುಖ ನೋಡಿಕೊಂಡು ಮಲಗುವ ಹೆಂಗಸರು ಲೋಕದಲ್ಲಿ ಬಹಳ ಮಂದಿ ಇದ್ದಾರೆ, ಪುಟ್ಟಿ ಬಾತುಕೋಳಿಯ ಮುಖ ನೋಡಿಕೊಂಡು ಮಲಗಿದವಳು. ಗೊರಕೆ ಹೊಡೆಯದ ಪ್ರಾಣಿ, ಪುಣ್ಯ.

ಇನ್ನು ಆ ಲಾಂಡ್ರಿ. ಹೋಟೆಲುಗಳ, ಆಸ್ಪತ್ರೆಗಳ ಹೊದಿಕೆ ಹಾಸುಗಳೆಲ್ಲ ಗಾಡಿಗಟ್ಟಲೆ ಬರುವ ದೊಡ್ಡ ಲಾಂಡ್ರಿ ಅದು. ಒಗೆದು ಹಿಂಡಿದ ಹಾಸುಗಳು ಬಿಸಿ ರೋಲರಿನ ಬಾಯಿಗೆ ಹೋಗಿ, ಆಚೆ ಹಪ್ಪಳದ ಹಾಗೆ ಚಪ್ಪಟೆಯಾಗಿ ಬರುತ್ತಿದ್ದವು. ಬಂದದ್ದನ್ನು ಇಬ್ಬಿಬ್ಬರು ಎದುರುಬದುರು ನಿಂತು ಮಡಚಬೇಕು. ಪುಟ್ಟಿ ಮಡಚುವವಳು. ಅವಳ ಎದುರು ನಿಲ್ಲುವವಳು ಕಡ್ಡಿ ಎಂಬ ಹೆಂಗಸು. ಉದ್ದಕ್ಕೆ, ಒಣಕಲಾಗಿ ಇದ್ದುದರಿಂದ ಆ ಹೆಸರು. ಬಾಯಿ ಮಾತ್ರ ಒಣಕಲಲ್ಲ.

ಒಂದು ದಿನ ಕಡ್ಡಿಯೇ ಹೇಳಿದಳು. "ಏನು ಪುಟ್ಟಕ್ಕ, ಮೇಜಿನ ಹಿರಿತನ ಬೇಡ ಅಂದುಬಿಟ್ರಂತೆ?"

"ಯಾವ ಹಿರಿತನ?"

"ಮಡಚೋ ಮೇಜು ನೋಡ್ಕೊಳ್ಳೋದು. ಮೇಸ್ತ್ರಿ ನಿಮಗೇ ಕೊಡೋಣ ಅಂತಿದ್ರು. ನಿಮ್ಮ ಮನೆಗೆ ಫೋನ್ ಮಾಡಿದ್ರಂತಲ್ಲ."

ಪುಟ್ಟಿಗೆ ಏನೂ ಗೊತ್ತಿಲ್ಲ. ಮೇಸ್ತ್ರಿಯ ಹತ್ತಿರ ಹೋಗಿ ಕೇಳಿದಳು. ಆತ ಒಳ್ಳೆಯ ಮನುಷ್ಯ, ಕಣ್ಣು ತಗ್ಗಿಸಿಕೊಂಡು ಹೇಳಿದ. "ನೀವು ರಜೆ ಹಾಕಿದ್ರಲ್ಲಮ್ಮ ಅವತ್ತು. ಮನೆಗೆ ಫೋನ್ ಮಾಡಿದೆ, ನಿಮ್ಮಕ್ಕ ತಗೊಂಡ್ರು. ಅಯ್ಯೋ ಪುಟ್ಟಿಗೆ ಅದೆಲ್ಲ ಆಗಲ್ಲ, ಯಾರ ಮೇಲೂ ದನಿ ಎತ್ತೋಳಲ್ಲ ಅವಳು, ಬೇರೆ ಯಾರಿಗಾದ್ರೂ ಕೊಡಿ ಅಂದ್ರು. ಕೊಟ್ಟುಬಿಟ್ಟೆ."

ಪುಟ್ಟಿ ದನಿ ಎತ್ತಲಿಲ್ಲ. ಊಟದ ಬಿಡುವಿಗೆ ಗಂಟೆ ಹೊಡೆದಾಗ ಡಬ್ಬಿ ಬಿಚ್ಚದೆ ಹೊರಗೆ ಹೊರಟಳು. ಎಲ್ಲಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಎದುರು ಬೀದಿಯಲ್ಲಿ ಬೀಗ ರಿಪೇರಿಯವನಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಹಾಗೆ ಒಂದು ಸಣ್ಣ ಅಂಗಡಿ ಇತ್ತು. ಅದರ ಗಾಜಿನಲ್ಲಿ ಒಂದು ದೊಡ್ಡ ಕಿವಿಯ ಚಿತ್ರ. ಆ ಕಿವಿಯ ಅಂಚಿನುದ್ದಕ್ಕೂ ಸಣ್ಣ ಸಣ್ಣ ಹರಳು, ಬೇಲಿಯ ಮೇಲೆ ಸಾಲಾಗಿ ಹಕ್ಕಿ ಕೂತಂತೆ. ವರ್ಷಗಟ್ಟಲೆ ಆ ಚಿತ್ರದ ಮುಂದೆ ಹಾದು ಹೋಗಿದ್ದಳು. ಅವತ್ತು ಒಳಗೆ ಹೋದಳು. ತನ್ನ ಬದುಕಿನಲ್ಲಿ ತಾನೇ ತೀರ್ಮಾನ ಮಾಡಿದ್ದು ಏನಿದೆ ಎಂದು ದಾರಿಯಲ್ಲಿ ಯೋಚಿಸಿದ್ದಳು. ರಸ್ತೆ ದಾಟಿ ಮುಗಿದಿತ್ತು, ಒಂದೂ ನೆನಪಾಗಿರಲಿಲ್ಲ.

ಕಿವಿ ಚುಚ್ಚುವ ಹುಡುಗಿ ಕೈಗವಸು ಹಾಕಿಕೊಂಡು, ಎತ್ತರದ ಕುರ್ಚಿಯಲ್ಲಿ ಅವಳನ್ನು ಕೂರಿಸಿದಳು. ಪುಟ್ಟಿಯ ಕಿವಿಯ ಹಾಲೆಯಲ್ಲಿ ಚಿಕ್ಕಂದಿನ ತೂತು ಇದ್ದೇ ಇತ್ತು. ಅವಳು ಮೇಲಿನ ಅಂಚನ್ನು ತೋರಿಸಿದಳು. "ಇಲ್ಲಿ. ಎರಡು."

"ಮೇಲೆ ಹಾಕಿದ್ರೆ ಮಾಯೋಕೆ ತುಂಬ ತಿಂಗಳು ಬೇಕಮ್ಮ. ಅಲ್ಲಿತನಕ ಆ ಕಿವಿ ಮೇಲೆ ಮಲಗೋ ಹಾಗಿಲ್ಲ. ಅದಕ್ಕೇ ನಾನು ಎರಡು ಕಿವಿಗೂ ಒಟ್ಟಿಗೆ ಹಾಕಲ್ಲ. ನೀವು ಯಾವ ಮಗ್ಗುಲಿಗೆ ಮಲಗ್ತೀರ?"

"ಗೋಡೆ ಕಡೆಗೆ."

"ಅಲ್ಲ, ಎಡಕ್ಕಾ, ಬಲಕ್ಕಾ?"

ಪುಟ್ಟಿ ಗಲಿಬಿಲಿಗೊಂಡಳು. ಹುಟ್ಟಿದಾಗಿನಿಂದ ಗೋಡೆಯ ಕಡೆ ಮಲಗಿದವಳಿಗೆ ಎಡವೇನು ಬಲವೇನು. ಕುರ್ಚಿಯಲ್ಲೇ ಕಣ್ಣು ಮುಚ್ಚಿ ಮಲಗಿದ ಹಾಗೆ ನೆನೆದುಕೊಂಡಳು. ಕುರ್ಚಿಯ ಪಕ್ಕ ಗೋಡೆ ಇತ್ತು, ತಣ್ಣಗೆ ಮೊಣಕೈಗೆ ತಾಗುತ್ತಿತ್ತು. ಆ ಕಡೆಗೇ ತಲೆ ವಾಲಿಸಿ, "ಹೀಗೆ" ಎಂದಳು. ಅಂಗಡಿಯ ಗೋಡೆ ಇದ್ದದ್ದು ಬಲಕ್ಕೆ. "ಸರಿ, ಹಾಗಾದ್ರೆ ಎಡಗಿವಿಗೆ" ಎಂದು ಹುಡುಗಿ ಸೂಜಿ ತೆಗೆದಳು.

ಮನೆಯ ಗೋಡೆ ಇದ್ದದ್ದು ಎಡಕ್ಕೆ. ನೋಡಿ, ಇಷ್ಟೇ ತಪ್ಪು.

ಹುಡುಗಿ ಹೇಳಿಕೊಟ್ಟದ್ದನ್ನೆಲ್ಲ ಪುಟ್ಟಿ ಬಾಯಿಪಾಠ ಮಾಡಿಕೊಂಡಳು. ಮುಟ್ಟಬಾರದು, ತಿರುಗಿಸಬಾರದು, ತೆಗೆಯಬಾರದು. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯಬೇಕು, ಒತ್ತದೆ ಒರೆಸಬೇಕು. ಕೂದಲು ಸಿಕ್ಕಿಕೊಳ್ಳದ ಹಾಗೆ ಕಟ್ಟಬೇಕು. ದಿಂಬಿನ ಗವಸು ದಿನವೂ ಒಗೆದದ್ದಿರಬೇಕು. ದಿಂಬಿನ ಗವಸಿಗೆ ಲಾಂಡ್ರಿಯವಳಿಗೇನು ಬರ. ಆ ವಿಷಯದಲ್ಲಿ ಅವಳು ರಾಣಿ.

ಸಂಜೆ ಮನೆಗೆ ಬಂದಾಗ ಅಕ್ಕ ಯಂತ್ರದ ಮುಂದೆ ಕೂತು ಒಂದು ಕಾಲರಿಗೆ ಹೊಲಿಗೆ ಹಾಕುತ್ತಿದ್ದಳು. ಕನ್ನಡಕದ ಮೇಲಿಂದ ಒಮ್ಮೆ ನೋಡಿದಳು. ಕಾಲು ನಿಂತಿತು, ಯಂತ್ರವೂ ನಿಂತಿತು.

"ಏನೇ ಅದು ಕಿವೀಲಿ?"

"ಓಲೆ."

"ಓಲೆ ಅಲ್ಲ್ಯಾಕೆ ಹೋಯ್ತು? ದಾರಿ ತಪ್ತಾ?"

"ನಾನೇ ಹಾಕಿಸಿಕೊಂಡೆ."

"ಯಾರನ್ನ ಕೇಳಿ?"

"ನನ್ನ ಕಿವೀನ ಕೇಳಿ."

ಅಕ್ಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು. "ಇದ್ದ ತೂತಲ್ಲೇ ನನ್ನ ಮಾತು ಒಳಗೆ ಹೋಗ್ತಿರಲಿಲ್ಲ, ಇನ್ನೆರಡು ತೂತು ಬೇರೆ. ಕಾಡು ಬಾ ಅನ್ನೋ ವಯಸ್ಸಲ್ಲಿ ಶೋಕಿ. ಮೂಗಿಗಿಂತ ಮೂಗುತಿ ಭಾರ ಅಂತಾರೆ, ಕೇಳಿದೀಯ?"

"ಮೇಸ್ತ್ರಿ ಫೋನ್ ಮಾಡಿದ್ದನ್ನ ನನಗ್ಯಾಕೆ ಹೇಳಲಿಲ್ಲ ನೀನು?"

"ಓ, ಅದಕ್ಕಾ ಇದು?" ಅಕ್ಕ ಮತ್ತೆ ಯಂತ್ರ ತುಳಿಯತೊಡಗಿದಳು. "ನಿನ್ನ ಕೈಲಿ ಆಗಲ್ಲ ಅಂತ ನನಗೆ ಗೊತ್ತು, ಅದಕ್ಕೇ ಅಂದೆ. ಇದೂ ಅಷ್ಟೇ. ಹದಿನೈದು ದಿನ ಇರಲ್ಲ ಅದು ನಿನ್ನ ಕಿವೀಲಿ. ನೀನೇ ಕಿತ್ತು ಎಸೀತೀಯ, ನೋಡ್ತಿರು."

ಆ ಮಾತು ಪುಟ್ಟಿಯೊಳಗೆ ಗಂಟು ಹಾಕಿಕೊಂಡು ಕೂತಿತು. ಇನ್ನು ಆ ಎರಡು ಹರಳು ಓಲೆಯಾಗಿ ಉಳಿಯಲಿಲ್ಲ. ಅವು ಕಿವಿಯಲ್ಲಿ ನಿಂತರೆ ಪುಟ್ಟಿ ತನ್ನ ಮಾತಿನ ಮೇಲೆ ನಿಂತ ಹಾಗೆ, ಕಿತ್ತರೆ ಅಕ್ಕ ಹೇಳಿದ್ದೇ ನಿಜ. ಮೇಜು ಹೇಗೂ ಹೋಗಿತ್ತು. ಕಿವಿಯನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಮಲಗುವ ಹೊತ್ತಾಯಿತು. ದಿಂಬಿಗೆ ಗರಿಗರಿಯಾದ ಹೊಸ ಗವಸು ಹಾಕಿ, ತಲೆಗೆ ಬಟ್ಟೆ ಕಟ್ಟಿ, ಎಂದಿನ ಹಾಗೆ ಗೋಡೆಯ ಕಡೆ ತಿರುಗಿದಳು. ತಿರುಗಿದ್ದೇ ತಡ, ಕೆಂಡ ಮುಟ್ಟಿದವಳ ಹಾಗೆ ಎದ್ದು ಕೂತಳು. ಕೆಳಗಾದದ್ದು ಚುಚ್ಚಿಸಿಕೊಂಡ ಕಿವಿಯೇ. ಅಂಗಡಿಯ ಗೋಡೆ, ಮನೆಯ ಗೋಡೆ ಎರಡೂ ಕಣ್ಣ ಮುಂದೆ ಬಂದು ನಿಂತು ನಕ್ಕವು. ಅಕ್ಕ ಕತ್ತಲಲ್ಲೇ "ಹ್ಞೂಂ" ಎಂದಳು. ಆ ಹ್ಞೂಂ ಎಷ್ಟು ಉದ್ದವಿತ್ತು ಎಂದರೆ, ಅದರೊಳಗೆ ಒಂದು ಕಥೆಯೇ ಇತ್ತು.

ಅಲ್ಲಿಂದ ಶುರುವಾಯಿತು ನೋಡಿ ಫಜೀತಿ. ಅಂಗಾತ ಮಲಗಿ ನೋಡಿದಳು. ಅಂಗಾತ ಮಲಗಿದರೆ ಪುಟ್ಟಿಗೆ ಗೊರಕೆ. ಅವಳಿಗೆ ಗೊರಕೆಯಿದೆ ಎಂಬುದು ಅವಳಿಗೂ ಅಕ್ಕನಿಗೂ ಅವತ್ತೇ ಗೊತ್ತಾದದ್ದು. ಅಕ್ಕ ಮೊಣಕೈಯಿಂದ ತಿವಿದು, "ಗಿರಣಿ ನಿಲ್ಲಿಸು" ಎಂದಳು. ಬಲಕ್ಕೆ ತಿರುಗಿ ನೋಡಿದಳು. ಬಲಕ್ಕೆ ಅಕ್ಕನ ಮುಖ. "ಉಸಿರು ಬಿಡಬೇಡ್ವೇ ನನ್ನ ಮೇಲೆ" ಎಂದಳು ಅಕ್ಕ. ಉಸಿರು ಬಿಡದೆ ಮಲಗುವ ವಿದ್ಯೆ ಪುಟ್ಟಿಗೆ ಬರುತ್ತಿರಲಿಲ್ಲ.

"ಹಾಗಾದ್ರೆ ಜಾಗ ಬದಲಾಯಿಸೋಣ. ನಾನು ಬಾಗಿಲ ಕಡೆ ಮಲಗ್ತೀನಿ, ನೀನು ಗೋಡೆ ಕಡೆ ಬಾ."

"ನಾನು ಎರಡು ಸಲ ಏಳೋಳು. ನಿನ್ನ ಹತ್ತಿ ಇಳಿದು ಬಚ್ಚಲಿಗೆ ಹೋಗ್ಲಾ? ಅಲ್ಲದೆ ನೀನು ಬೀಳ್ತೀಯ."

"ಐವತ್ತು ವರ್ಷದಿಂದ ಬಿದ್ದಿಲ್ಲ."

"ನಾನು ಈ ಕಡೆ ಇದ್ದೆ, ಅದಕ್ಕೇ ಬಿದ್ದಿಲ್ಲ. ಅಷ್ಟು ಕಷ್ಟ ಆದ್ರೆ ಕೆಳಗೆ ಚಾಪೆ ಹಾಸಿಕೋ."

ಚಾಪೆಯ ಮೇಲೆ ಮಲಗಿದರೆ ಬೆಳಿಗ್ಗೆ ಪುಟ್ಟಿಯ ಮಂಡಿ ಏಳಲು ಒಪ್ಪುತ್ತಿರಲಿಲ್ಲ. ಒಪ್ಪಿದ್ದರೂ ಅವಳು ಇಳಿಯುತ್ತಿರಲಿಲ್ಲ. "ಮಂಚದಲ್ಲಿ ಅರ್ಧ ನಂದು. ಅಪ್ಪ ಇಬ್ಬರಿಗೂ ಅಂತ ಮಾಡಿಸಿದ್ದು" ಎಂದಳು. ಅರ್ಧ ಎಂಬ ಮಾತು ಆ ಮಂಚದ ಮೇಲೆ ಅವತ್ತೇ ಮೊದಲು ಕೇಳಿದ್ದು. ಅಲ್ಲಿಯ ತನಕ ಲೆಕ್ಕ ಹೀಗಿತ್ತು: ಅಕ್ಕನಿಗೆ ಬೇಕಾದಷ್ಟು ಅಕ್ಕನಿಗೆ, ಮಿಕ್ಕಿದ್ದು ಪುಟ್ಟಿಗೆ.

ಮರುದಿನ ಲಾಂಡ್ರಿಯಲ್ಲಿ ಕಡ್ಡಿಗೆ ಹೇಳಿದರೆ ಅವಳು ನಕ್ಕೂ ನಕ್ಕೂ, ಆಮೇಲೆ ಒಂದು ಉಪಾಯ ಹೇಳಿಕೊಟ್ಟಳು. ತಲೆಯ ಮೇಲೆ ಗಂಟು ಹೊರುವಾಗ ಕೆಳಗೆ ಬಟ್ಟೆ ಸುತ್ತಿ ಸಿಂಬಿ ಇಟ್ಟುಕೊಳ್ಳುತ್ತಾರಲ್ಲ, ಹಾಗೊಂದು ದೊಡ್ಡ ಸಿಂಬಿ ಮಾಡಿ ದಿಂಬಿನ ಮೇಲಿಟ್ಟು, ಅದರ ನಡುವಿನ ಗುಳಿಗೆ ಕಿವಿ ಬರುವ ಹಾಗೆ ಮಲಗಬೇಕು. ಕಿವಿಗೆ ಯಾವುದೂ ತಾಗುವುದಿಲ್ಲ. ಪುಟ್ಟಿ ಒಗೆದ ಮೆತ್ತನೆ ಟವೆಲನ್ನು ಸುತ್ತಿ ಸಿಂಬಿ ಮಾಡಿದಳು. ಮಲಗುವಾಗ ಸ್ವರ್ಗ. ನಿದ್ದೆ ಹತ್ತಿದ ಮೇಲೆ ಸಿಂಬಿ ಬಿಚ್ಚಿಕೊಳ್ಳುತ್ತಿತ್ತು. ಹೊಲಿದು ಭದ್ರ ಮಾಡೋಣವೆಂದರೆ ಹೊಲಿಗೆ ಯಂತ್ರ ಅಕ್ಕನದು. ಕೇಳಿದ್ದಕ್ಕೆ, "ನನ್ನ ಯಂತ್ರದಲ್ಲಿ ತಲೆಕೆಟ್ಟ ಕೆಲಸ ಹೊಲಿಯಲ್ಲ" ಎಂದಳು. ಪುಟ್ಟಿ ಕೈಯಲ್ಲೇ ಹೊಲಿದಳು, ಹೊಲಿಗೆ ಒರಟಾಗಿ ಕೆನ್ನೆಗೆ ಬರೆ ಬಂತು. ಕೆಲಸಕ್ಕೆ ಹೋದಾಗ ಕಡ್ಡಿ ಅದನ್ನು ನೋಡಿ, "ಯಾರು ಹೊಡೆದ್ರು?" ಎಂದು ಕೇಳಿದಳು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಆ ಗಾದೆ ಕಟ್ಟಿದವನ ಕಿವಿ ಸರಿಯಾಗಿತ್ತು ಅಂತ ಕಾಣುತ್ತದೆ.

ಅರೆನಿದ್ದೆಯಲ್ಲಿ ದೇಹ ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು. ಎಷ್ಟು ಎಚ್ಚರವಿದ್ದರೂ ಬೆಳಗಿನ ಹೊತ್ತಿಗೆ ಮುಖ ಗೋಡೆಯ ಕಡೆ, ಕಿವಿ ದಿಂಬಿನ ಕೆಳಗೆ. ಕೆಲವು ವಾರ ಕಳೆಯುವಷ್ಟರಲ್ಲಿ ಮೇಲಿನ ತೂತಿನ ಹಿಂದೆ ಮೆಣಸಿನ ಕಾಳಿನಷ್ಟು ಒಂದು ಗಂಟು ಎದ್ದಿತು. ಅಕ್ಕ ಅದನ್ನು ಕನ್ನಡಕ ಏರಿಸಿ ನೋಡಿ, ಸಂತೋಷವನ್ನು ಮುಚ್ಚಿಡಲು ಏನೂ ಕಷ್ಟಪಡದೆ, "ಹೇಳಲಿಲ್ವಾ" ಎಂದಳು. ಹದಿನೈದು ದಿನ ದಾಟಿದ್ದನ್ನು ಮಾತ್ರ ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪುಟ್ಟಿ ಅಂಗಡಿಗೆ ಹೋದಳು. ಹುಡುಗಿ ದೀಪ ಹತ್ತಿರ ಹಿಡಿದು ನೋಡಿದಳು. "ಕೀವಾಗಿಲ್ಲ, ಹೆದರಬೇಡಿ. ಇದು ಒತ್ತಿ ಒತ್ತಿ ಬಂದಿರೋದು. ಇದರ ಮೇಲೆ ಮಲಗ್ತಿದೀರ ಅಲ್ವಾ?"

"ನಾನು ಮಲಗಲ್ಲ. ಅದೇ ಬಂದು ಮಲಗುತ್ತೆ."

"ಹೀಗೇ ಆದ್ರೆ ತೂತು ವಾರೆ ಆಗುತ್ತೆ. ಆಮೇಲೆ ತೆಗೆದುಬಿಡಬೇಕಾಗುತ್ತೆ ಅಮ್ಮ. ಒತ್ತದೇ ಇದ್ರೆ ತಾನೇ ಇಳಿಯುತ್ತೆ. ಮಗ್ಗುಲು ಬದಲಾಯಿಸಿ, ಅಷ್ಟೇ. ಬೇರೆ ಔಷಧಿ ಇಲ್ಲ ಇದಕ್ಕೆ."

ಮಗ್ಗುಲು ಬದಲಾಯಿಸಿ, ಅಷ್ಟೇ. ಆ ಅಷ್ಟೇ ಎಷ್ಟು ದೊಡ್ಡದೆಂದು ಆ ಹುಡುಗಿಗೇನು ಗೊತ್ತು. ಪುಟ್ಟಿ ರಸ್ತೆ ದಾಟುವಾಗ ಅವಳ ಕೈ ತಾನಾಗಿ ಕಿವಿಯ ಕಡೆ ಹೋಯಿತು. ಈಗಲೇ ಬಿಚ್ಚಿಬಿಟ್ಟರೆ ಸಂಜೆ ಅಕ್ಕ ಒಂದು ಮಾತು ಅಂದು ಸುಮ್ಮನಾಗುತ್ತಾಳೆ, ಕಣ್ತುಂಬ ನಿದ್ದೆಯೂ ಬರುತ್ತದೆ. ಹೀಗೆ ಅನಿಸಿದ್ದು ನಿಜ, ಸುಳ್ಳು ಹೇಳಬಾರದು. ಮುಟ್ಟಬಾರದು ಎಂದು ಹುಡುಗಿ ಹೇಳಿದ್ದು ನೆನಪಾಗಿ ಕೈ ಇಳಿಸಿದಳು.

ಅವತ್ತು ಮಧ್ಯಾಹ್ನ ದೊಡ್ಡ ಹಾಸುಗಳ ಸರದಿ. ನಿದ್ದೆ ಇಲ್ಲದ ಪುಟ್ಟಿ ತೂಗಾಡುತ್ತ ನಿಂತಿದ್ದಳು. ಎದುರಿಗೆ ಕಡ್ಡಿ.

"ಎಡಗಡೆ ಮಡಚಿ ಪುಟ್ಟಕ್ಕ."

ಪುಟ್ಟಿ ಎಡಗಡೆ ಮಡಚಿದಳು. ಹಾಸು ತಿರುಚಿಕೊಂಡು ಜಡೆಯಾಯಿತು.

"ನನ್ನ ಎಡ ಅಂದೆ. ನಿಮ್ಮ ಬಲ. ಇಷ್ಟು ವರ್ಷ ಆಯ್ತು, ಇವತ್ತೇನು ಹೊಸದಾಗಿ ಸೇರಿದೋರ ಥರ. ನಾನು ಇತ್ಲಾಗೆ ಮುಖ ಮಾಡಿ ನಿಂತಿಲ್ವಾ? ಎದುರು ನಿಂತ್ರೆ ಎಡ ಬಲ ಆಗುತ್ತೆ."

ಪುಟ್ಟಿ ಹಾಸನ್ನು ಹಿಡಿದುಕೊಂಡೇ ನಿಂತಳು. ಹಿಂದೆ ರೋಲರಿನಿಂದ ಇನ್ನೊಂದು ಹಾಸು ಬಂದು ನೆಲಕ್ಕೆ ಇಳಿಯುತ್ತಿತ್ತು. ಅದೇ ಹಾಸು, ಅದೇ ಅಂಚು. ಆ ತುದಿಯಲ್ಲಿ ನಿಂತವಳಿಗೆ ಎಡ, ಈ ತುದಿಯಲ್ಲಿ ನಿಂತವಳಿಗೆ ಬಲ. ಗೋಡೆ ಎಲ್ಲಿತ್ತೋ ಅಲ್ಲೇ ಇರುತ್ತದೆ. ತಾನು ಆ ತುದಿಯಿಂದ ಈ ತುದಿಗೆ ಬಂದರೆ ಸಾಕು.

"ಏನಾಯ್ತು?" ಎಂದಳು ಕಡ್ಡಿ.

"ನಿದ್ದೆ ಸಿಕ್ತು" ಎಂದಳು ಪುಟ್ಟಿ.

ಆ ದಿನ ಮಲಗುವಾಗ ಅವಳು ತನ್ನ ದಿಂಬನ್ನು ಎತ್ತಿಕೊಂಡು ಹೋಗಿ ಮಂಚದ ಕಾಲ್ದೆಸೆಯಲ್ಲಿ ಇಟ್ಟಳು. ತಲೆ ಅಲ್ಲಿ, ಕಾಲು ಇಲ್ಲಿ. ಗೋಡೆಯ ಕಡೆ ತಿರುಗಿದಳು. ಬಲಗಿವಿ ದಿಂಬಿನ ಮೇಲೆ ಇಳಿಯಿತು, ಎಡಗಿವಿ ಗಾಳಿಗೆ ತೆರೆದುಕೊಂಡಿತು. ಬಾತುಕೋಳಿ ಕಾಣಲಿಲ್ಲ, ಅದು ಅಕ್ಕನ ಪಾಲಿಗೆ ಹೋಯಿತು. ಈ ತುದಿಯಲ್ಲಿ ಗೋಡೆ ನುಣ್ಣಗಿತ್ತು. ಪುಟ್ಟಿ ಆರಾಮಾಗಿ ಕಾಲು ಚಾಚಿದಳು. ಕಾಲು ಹೋಗಿ ನಿಂತದ್ದು ಅಕ್ಕನ ದಿಂಬಿನ ಪಕ್ಕದಲ್ಲಿ.

ಅಕ್ಕ ಎದ್ದು ಕೂತು ದೀಪ ಹಾಕಿದಳು. "ಏನೇ ಇದು? ನನ್ನ ಮುಖಕ್ಕೆ ಕಾಲು ಕೊಟ್ಟುಕೊಂಡು ಮಲಗ್ತೀಯಾ? ಹೊತ್ತು ಬೆಳೆಸಿದ ಅಕ್ಕನ ಮುಖಕ್ಕೆ?"

"ಮುಖಕ್ಕಲ್ಲ. ಗೋಡೆ ಪಕ್ಕಕ್ಕೆ. ತೊಳೆದುಕೊಂಡೇ ಬಂದಿದೀನಿ."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡೋರು ಸುಮ್ಮನೆ ಹೇಳಿದ್ದಾ?"

"ಇದ್ದಷ್ಟೇ ಚಾಚಿದೀನಿ ಅಕ್ಕ. ಅಲ್ಲಿ ನಿನ್ನ ತಲೆ ಇದ್ರೆ ನಾನೇನು ಮಾಡ್ಲಿ."

ಅಷ್ಟು ಹೇಳಿ ಪುಟ್ಟಿ ಮಲಗಿದಳು. ನಿಜವಾದ ನಿದ್ದೆ. ಅಕ್ಕ ಇನ್ನೂ ಏನೇನು ಹೇಳಿದಳೋ, ಮೇಲಿದ್ದ ಕಿವಿ ಮಾಯುವ ಕೆಲಸದಲ್ಲಿತ್ತು, ಕೇಳುವ ಕೆಲಸಕ್ಕೆ ಅದಕ್ಕೆ ಬಿಡುವಿರಲಿಲ್ಲ.

ತಂಗಿಯ ಕಾಲನ್ನು ಅಕ್ಕ ನೋಡಿದ್ದು ಆಗಲೇ ಇರಬೇಕು. ಲಾಂಡ್ರಿಯ ಸಿಮೆಂಟು ನೆಲದ ಮೇಲೆ ನಿಂತು ನಿಂತು ಹಿಮ್ಮಡಿ ಒಡೆದ ಕಾಲು. ನೋಡಿ ಏನನಿಸಿತೋ ಅವಳು ಯಾರಿಗೂ ಹೇಳಲಿಲ್ಲ. ಬಾಯಲ್ಲಿ ಮಾತ್ರ ರಂಪ ಇಳಿಯಲಿಲ್ಲ. ನೆರೆಮನೆಯವರಿಗೆ ಹೇಳಿದಳು, ಸಮವಸ್ತ್ರ ತೆಗೆದುಕೊಂಡು ಹೋಗಲು ಬಂದ ತಾಯಂದಿರಿಗೆ ಹೇಳಿದಳು. ಕೊನೆಗೆ ತಮ್ಮನಿಗೆ ಹೇಳಿ ಕಳಿಸಿದಳು: ಭಾನುವಾರ ಬಾ, ಇದನ್ನು ತೀರ್ಮಾನ ಮಾಡು.

ತಮ್ಮ ಬಸ್ಸು ಓಡಿಸುವವನು. ರಸ್ತೆಯಲ್ಲಿ ಎಂಥ ಲಾರಿ ಎದುರಿಗೆ ಬಂದರೂ ದಾರಿ ಬಿಡದ ಗಂಡಸು, ಅಕ್ಕಂದಿರಿಬ್ಬರ ನಡುವೆ ಸಿಕ್ಕಿದರೆ ಹಾರ್ನು ಕೂಡ ಹೊಡೆಯುತ್ತಿರಲಿಲ್ಲ. ಬಂದ, ಊಟ ಮಾಡಿದ, ಕೈ ತೊಳೆದ, ಮಂಚದ ಹತ್ತಿರ ನಿಂತು ಎರಡು ತುದಿಯ ಎರಡು ದಿಂಬನ್ನೂ ನೋಡಿದ.

"ದೊಡ್ಡಕ್ಕ ಹೇಳೋದೂ ಸರಿ. ಪುಟ್ಟಕ್ಕ ಹೇಳೋದೂ ಒಂಥರ ಸರೀನೇ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ" ಎಂದಳು ಅಕ್ಕ. "ಹಿರಿಯರ ಮುಖಕ್ಕೆ ಕಾಲು ಕೊಡೋದು ಸರೀನಾ, ತಪ್ಪಾ? ಅಷ್ಟು ಹೇಳು."

"ತಪ್ಪು ಅಂದ್ರೆ ತಪ್ಪೇ." ಅವನು ಪುಟ್ಟಿಯ ಕಡೆ ತಿರುಗಿದ. "ಪುಟ್ಟಕ್ಕ, ಯಾಕಿಷ್ಟೊಂದು ಹಟ? ಎರಡು ಹರಳಿಗೆ ಇಷ್ಟೊಂದು ಜಗಳಾನಾ? ತೆಗೆದು ಡಬ್ಬೀಲಿ ಇಟ್ಟುಬಿಡು. ಮನೇಲಿ ನೆಮ್ಮದಿ ಮುಖ್ಯ ಅಲ್ವಾ?"

ಪುಟ್ಟಿ ಉಪ್ಪುನೀರಿನ ಲೋಟ ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು. ಕಿವಿ ತೊಳೆದು, ಮೆಲ್ಲಗೆ ಒರೆಸಿ, ಬಟ್ಟೆ ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ಮಾತಾಡಿದಳು. ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಆ ಇಬ್ಬರೂ ಮುಂಚೆ ಕೇಳಿರಲಿಲ್ಲ.

"ನೆಮ್ಮದಿ ಯಾರದಪ್ಪ? ನನ್ನ ಬಂದು ನೋಡಿದ ಗಂಡುಗಳನ್ನ ಅಕ್ಕ ಕಳಿಸಿದ್ಲು, ನೆಮ್ಮದಿಗೆ ಅಂತ ಸುಮ್ಮನಿದ್ದೆ. ಮೇಜು ಬೇಡ ಅಂದ್ಲು, ಕೂಗಾಡಲಿಲ್ಲ. ನಾನು ಏನು ಉಡಬೇಕು, ಯಾವಾಗ ಮಲಗಬೇಕು, ಯಾವ ಕಡೆ ಮುಖ ಮಾಡಬೇಕು ಅಂತ ಇಷ್ಟು ದಿನ ಬೇರೆಯವರೇ ಹೇಳಿದ್ರು. ಮುಖ ತಿರುಗಿಸಿದ್ರೆ ತಪ್ಪು, ಕಾಲು ತಿರುಗಿಸಿದ್ರೆ ತಪ್ಪು. ಈ ಕಿವಿ ನಾನು ಚುಚ್ಚಿಸಿಕೊಂಡಿದ್ದು. ನೋವು ನಂದು. ಅದು ಮಾಯೋ ತನಕ ನನ್ನ ತಲೆ ಆ ಕಡೆ. ಕಾಲು ನೋಡೋಕೆ ಆಗದೇ ಇರೋರು ಕಣ್ಣು ಮುಚ್ಚಿಕೊಂಡು ಮಲಗ್ಲಿ. ಮಲಗೋದು ಅಂದ್ರೆ ಕಣ್ಣು ಮುಚ್ಚೋದೇ ತಾನೆ."

ತಮ್ಮನಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಅವನ ಕಡೆ ನೋಡಿದಳು. ಅವನು ನಗುವನ್ನು ಕೆಮ್ಮು ಮಾಡಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದ. ಭಾನುವಾರ ಅವನಿಗೆ ರಜೆ ಎಂಬುದು ಮೂವರಿಗೂ ಗೊತ್ತಿತ್ತು. ಹಗ್ಗ ಹರಿಯಲಿಲ್ಲ, ಕೋಲು ಮುರಿಯಲಿಲ್ಲ, ಪಂಚಾಯಿತಿದಾರ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಇಳಿದುಬಿಟ್ಟ.

ಅವನು ಹೋದ ಮೇಲೆ ಪುಟ್ಟಿ ಮಂಚದ ಕಾಲ್ದೆಸೆಗೆ ಹೋಗಿ, ತನ್ನ ದಿಂಬಿನ ಮೇಲೆ ತಲೆಯಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು. ಭಾನುವಾರ ಮಧ್ಯಾಹ್ನದ ನಿದ್ದೆ ವಾರವೆಲ್ಲ ನಿಂತ ಕಾಲಿಗೆ ಸಿಗುವ ಸಂಭಾವನೆ, ಅದನ್ನು ಯಾರ ಕೋಪಕ್ಕೂ ಬಿಡಬಾರದು. ಕಿವಿಯ ಗಂಟು ಆಗಲೇ ಸಾಸಿವೆಯಷ್ಟಕ್ಕೆ ಇಳಿದಿತ್ತು.

ಅಕ್ಕ ಸ್ವಲ್ಪ ಹೊತ್ತು ಯಂತ್ರ ತುಳಿದಳು. ನಿಲ್ಲಿಸಿದಳು. ಅಡುಗೆಮನೆಗೆ ಹೋಗಿ ನೀರು ಕುಡಿದಳು. ಮಂಚದ ಹತ್ತಿರ ಬಂದು ನಿಂತಳು. ಅವಳು ನಿಂತದ್ದು ಪುಟ್ಟಿಗೆ ಬೆನ್ನಲ್ಲೇ ಗೊತ್ತಾಯಿತು. ಇನ್ನೇನು ಬರುತ್ತದೋ ಎಂದು ಕಾದಳು, ಆದರೆ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಏನೋ ಎಳೆದ ಸದ್ದು. ಆಮೇಲೆ ಪುಟ್ಟಿಯ ದಿಂಬಿನ ಪಕ್ಕ ಇನ್ನೊಂದು ದಿಂಬು ಬಂದು ಬಿತ್ತು. ಅಕ್ಕನದು. ಮಂಚ ಒಮ್ಮೆ ಕಿರುಗುಟ್ಟಿ ಭಾರ ಹೊತ್ತುಕೊಂಡಿತು.

"ಈ ಕಡೆ ಗಾಳಿ ಚೆನ್ನಾಗಿ ಬರುತ್ತೆ" ಎಂದಳು ಅಕ್ಕ, ಸೂರಿಗೆ ಹೇಳುವ ಹಾಗೆ.

ಅಕ್ಕ ತಲೆಯಿಟ್ಟ ಕಡೆ ತಾನು ತಲೆಯಿಟ್ಟು ಬೆಳೆದವಳು ಪುಟ್ಟಿ. ತಾನು ತಲೆಯಿಟ್ಟ ಕಡೆ ಅಕ್ಕ ಬಂದದ್ದು ಇದೇ ಮೊದಲು. ಗೆದ್ದೆ ಎಂದು ಕುಣಿಯಬೇಕೆಂದು ಅನಿಸಲಿಲ್ಲ. ಹಾಗಂತ ಕರಗಿ ನೀರಾಗಲೂ ಇಲ್ಲ.

"ನೋವಿದೆಯಾ?"

"ಕಮ್ಮಿ ಆಗಿದೆ."

"ಚೆನ್ನಾಗೇನೂ ಕಾಣಲ್ಲ."

"ನಿನಗೆ ಕಾಣಲಿ ಅಂತ ಹಾಕಿಸಿಲ್ಲ."

ಅಕ್ಕ ಎಂದಿನ ಹಾಗೆ ಮೊಣಕೈಯಿಂದ ಮೆಲ್ಲಗೆ ತಳ್ಳಿದಳು. "ಒಳಗೆ ಜರುಗು. ನನಗೆ ಜಾಗ ಸಾಲದು."

ಪುಟ್ಟಿ ಕೈ ಚಾಚಿ ಗೋಡೆಯನ್ನು ಮುಟ್ಟಿ ನೋಡಿದಳು. ಗೋಡೆಗೂ ಅವಳಿಗೂ ನಡುವೆ ಒಂದು ಗೇಣು ಜಾಗ ಇತ್ತು. ಬೇಕೆಂದರೆ ಜರುಗಬಹುದಿತ್ತು.

"ಜರುಗಲ್ಲ" ಎಂದಳು. "ಅರ್ಧ ಇಲ್ಲಿಗೆ ಬರುತ್ತೆ."

ಅಕ್ಕ ಎದ್ದು ಕೂತು, ತನ್ನ ದಿಂಬನ್ನು ಬಾಗಿಲ ಕಡೆಗೆ ಸ್ವಲ್ಪ ಸರಿಸಿಕೊಂಡು, ಮತ್ತೆ ಮಲಗಿದಳು. ಪುಟ್ಟಿ ಆ ಒಂದು ಗೇಣು ಜಾಗದೊಳಕ್ಕೆ ಮಂಡಿ ಮಡಚಿಕೊಂಡು, ಕಣ್ಣು ಮುಚ್ಚಿದಳು.